ವಾಪಸು ಬಾರದ ಗಾಡಿ

ನಮ್ಮೂರಿನಲ್ಲಿ ಕೊಂಡ ಗಾಡಿಗೆ ಮನೆ ಒಗ್ಗದಿದ್ದರೆ ಅದು ವಾಪಸು ಬರುತ್ತದೆ. ಬೆಳಗಿನ ಜಾವ ತಾನೇ ಎದ್ದು, ತಾನೇ ಹೊರಟು, ತನ್ನನ್ನು ಮಾರಿದ ಅಂಗಡಿಯ ಮುಂದೆ ಬಂದು ನಿಲ್ಲುತ್ತದೆ. ಗಾಡಿ ಮಾರುವವರೆಲ್ಲ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಗೇಟು ತೆರೆದಿಟ್ಟಿರಬೇಕು ಎಂದು ಪುರಸಭೆಯ ನಿಯಮವೇ ಇದೆ. ನಾನು ಇಪ್ಪತ್ತಾರು ವರ್ಷದಿಂದ ಈ ಕಸುಬಿನಲ್ಲಿದ್ದೇನೆ. ಮೊದಲು ಸ್ಟೇಷನ್ ರಸ್ತೆಯ ದೇಸಿ ಗಾಡಿಗಳ ಅಂಗಡಿಯಲ್ಲಿದ್ದಾಗ ವಾರಕ್ಕೆ ಒಂದಾದರೂ ಬಂದು ನಿಂತಿರುತ್ತಿತ್ತು. ಗಾಡಿ ಒಪ್ಪಿಸುವಾಗ ನಾವು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಮಡಿಲಕ್ಕಿ ಕಟ್ಟಿ ಇಡುತ್ತೇವೆ: ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ವೀಳ್ಯದೆಲೆ. ವಾಪಸು ಬಂದ ಗಾಡಿಯಲ್ಲಿ ಮೊದಲು ಆ ಗಂಟು ಇದೆಯೇ ಎಂದು ನೋಡಬೇಕು. ಆಮೇಲೆ ಮನೆಯವರನ್ನು ಕರೆಸಿ, ವಾಪಸಾತಿ ರಿಜಿಸ್ಟರಿನಲ್ಲಿ ‘ಕಾರಣ’ ಎಂಬ ಕಡೆ ಅವರ ಬಾಯಿಂದಲೇ ಕೇಳಿ ಬರೆಯಬೇಕು. ‘ಅತ್ತೆ ಸೊಸೆ ಜಗಳ’, ‘ಮೇಲಿನ ಮನೆಯವರು ಎಂಜಲು ನೀರು ಚೆಲ್ಲುತ್ತಾರೆ’, ‘ಹಾರನ್ ಬಹಳ ಹೊಡೆಯುತ್ತೇವೆ’. ನಾಲ್ಕು ದಿನ ನಮ್ಮಲ್ಲಿ ನೆರಳಿನಲ್ಲಿ ನಿಂತು, ಎಣ್ಣೆ ನೀರು ಕಂಡು, ತವರಿಗೆ ಬಂದ ಹೆಣ್ಣುಮಗಳ ಹಾಗೆ ಸುಧಾರಿಸಿಕೊಂಡು ಹೆಚ್ಚಿನವು ತಿರುಗಿ ಹೋಗುತ್ತಿದ್ದವು. ಗಾಡಿ ಬಿಟ್ಟುಬಂದ ಮನೆಯನ್ನು ಮಾತ್ರ ಊರು ಸ್ವಲ್ಪ ದಿನ ವಾರೆಗಣ್ಣಿನಿಂದ ನೋಡುವುದು ಉಂಟು.

ಆ ಕಾರಣಗಳನ್ನು ಬರೆದೂ ಬರೆದೂ ನನಗೆ ಯಾರ ಮಾತನ್ನೂ ಪೂರ್ತಿ ನಂಬದ ಅಭ್ಯಾಸವಾಗಿಬಿಟ್ಟಿದೆ. ಹಾರನ್ ಎಂದರೆ ಹಾರನ್ ಅಲ್ಲ, ಅದರ ಹಿಂದೆ ಇನ್ನೇನೋ ಇರುತ್ತದೆ. ನಮ್ಮ ಯಜಮಾನರು ಧರಣೇಂದ್ರಯ್ಯ, “ಪಂಕಜಮ್ಮ, ನೀವು ಬೆಣ್ಣೇಲೂ ಮುಳ್ಳು ಹುಡುಕ್ತೀರ” ಎನ್ನುತ್ತಾರೆ. ಹುಡುಕುತ್ತೇನೆ. ಎರಡು ಸಲ ಸಿಕ್ಕಿದೆ ಕೂಡ.

ಮೂರು ವರ್ಷದ ಹಿಂದೆ ಈ ಧರಣೇಂದ್ರಯ್ಯನವರು ಹಡಗಿನಲ್ಲಿ ಬರುವ ಹಾಲ್ವಿಕ್ ಎಂಬ ಗಾಡಿಯ ಏಜೆನ್ಸಿ ಹಿಡಿದರು. ಅವರ ಮನೆತನದವರು ತಲೆಮಾರುಗಳಿಂದ ಪಾತ್ರೆ ವ್ಯಾಪಾರದವರು. ಗಾಜಿನ ಗೋಡೆಯ ಅಂಗಡಿ ಮಾಡಬೇಕೆಂಬುದು ಅವರ ಆಸೆ. ಗಾಜೇನೋ ಬಂತು. ಗಾಡಿ ಎಂದು ಬಂದದ್ದು ಎರಡೇ ಮಾದರಿ, ಒಂದು ದೊಡ್ಡದು, ಇನ್ನೊಂದು ಅದಕ್ಕಿಂತ ದೊಡ್ಡದು. ಬಣ್ಣವೂ ಎರಡು, ಬಿಳಿ ಮತ್ತು ಬೂದಿ. ಗಿರಾಕಿ ಬಂದು, “ಚಿಕ್ಕದಿಲ್ವಾ?” ಎನ್ನುವರು. ಇಲ್ಲ. “ಡೀಸೆಲ್‌ದು?” ಇಲ್ಲ. “ಹೋಗ್ಲಿ, ಕೆಂಪು?” ಅದೂ ಇಲ್ಲ. ಮಂಡಿ ವರ್ತಕರೊಬ್ಬರು ಸೋಫಾದ ಮೇಲೆ ಕೂತು ನಮ್ಮ ಕಾಫಿ ಕುಡಿದು, “ಅಲ್ಲ ಕಣಮ್ಮ, ಗಾಡೀಲಿ ಇಡ್ಲಿ ಮಾರೋನೂ ನಾಲ್ಕು ಥರ ಚಟ್ನಿ ಇಟ್ಕೊಂಡಿರ್ತಾನೆ. ಇಷ್ಟು ದೊಡ್ಡ ಅಂಗಡಿ ಹಾಕ್ಕೊಂಡು ಇಲ್ಲ ಅನ್ನೋದನ್ನೇ ಮಾರ್ತಿದ್ದೀರಲ್ಲ” ಎಂದು ಎದ್ದು ಹೋದರು. ಒಂದು ಕನ್ನಡಿ ಒಡೆದರೆ ಹಡಗು ಬರುವವರೆಗೆ ಮೂರು ತಿಂಗಳು ಕಾಯಬೇಕು. ಆದರೂ ನಾನು ಬೆವರು ಸುರಿಸಿ ಮೂರು ವರ್ಷದಲ್ಲಿ ಹದಿನಾಲ್ಕು ಗಾಡಿ ಮಾರಿದೆ.

ಅಲ್ಲೇ ತೊಡಕು ಶುರುವಾದದ್ದು. ಆ ಹದಿನಾಲ್ಕರಲ್ಲಿ ಒಂದೂ ವಾಪಸು ಬರಲಿಲ್ಲ. ನಮ್ಮ ಗೇಟು ದಿನಾ ಐದೂವರೆಗೆ ತೆರೆಯುತ್ತಿತ್ತು, ಮೆಕ್ಯಾನಿಕ್ ರಾಚಪ್ಪ ನೀರು ಹಾಕಿ ನೆಲ ಗುಡಿಸುತ್ತಿದ್ದ, ಏಳಕ್ಕೆ ಮುಚ್ಚುತ್ತಿದ್ದೆವು. ಎದುರುಗಡೆ ಟೀ ಅಂಗಡಿಯಲ್ಲಿ ಜನ ಮೊದಮೊದಲು ಸುಮ್ಮನೆ ನೋಡಿದರು, ಆಮೇಲೆ ಮಾತಾಡಿದರು. ಕೊಟ್ಟ ಹೆಣ್ಣು ಒಂದು ಸಲವಾದರೂ ತವರಿಗೆ ಬರಲಿಲ್ಲ ಎಂದರೆ ಒಂದೋ ಅವಳನ್ನು ಕಟ್ಟಿಹಾಕಿರಬೇಕು, ಇಲ್ಲ ಅವಳಿಗೆ ಜೀವವೇ ಇರಬಾರದು. ಕಂಪನಿಯವರು ಚಕ್ರದಲ್ಲಿ ಏನೋ ಮದ್ದು ಹಾಕಿದ್ದಾರಂತೆ ಎಂದು ಒಬ್ಬ. ಸಮುದ್ರ ದಾಟುವಾಗ ಅದರ ಪ್ರಾಣ ಉಪ್ಪಾಗಿ ಹೋಗುತ್ತದಂತೆ ಎಂದು ಇನ್ನೊಬ್ಬ. ಇದರ ಮೇಲೆ ಕಂಪನಿಯ ಕಡೆಯ ಟೈ ಕಟ್ಟಿದ ಯುವಕನೊಬ್ಬ ಬಂದು, ನಮ್ಮ ಲೆಕ್ಕ ನೋಡಿ ಕುಣಿದಾಡಿ, ಅಂಗಡಿಯ ಉದ್ದಕ್ಕೂ ಬ್ಯಾನರ್ ಕಟ್ಟಿಸಿದ: ‘ಮೂರು ವರ್ಷ! ಒಂದೂ ವಾಪಸಿಲ್ಲ!’ ನಾನು ಬೇಡವೆಂದೆ. ಅವನು ಇಂಗ್ಲಿಷಿನಲ್ಲಿ ನಕ್ಕ. ಬ್ಯಾನರ್ ಕಟ್ಟಿದ ಮೇಲೆ ಕಾಫಿ ಕುಡಿಯಲೂ ಜನ ಬರಲಿಲ್ಲ. ಐದು ತಿಂಗಳು ಒಂದೂ ಗಾಡಿ ಹೋಗಲಿಲ್ಲ. ಆಗ ಅದೇ ಯುವಕ ಫೋನು ಮಾಡಿ, ಆಯುಧಪೂಜೆಯೊಳಗೆ ವ್ಯಾಪಾರ ಕಾಣದಿದ್ದರೆ ಏಜೆನ್ಸಿ ರದ್ದು, ಬೀಗದ ಕೈ ಕಳಿಸಿಬಿಡಿ ಎಂದ.

ಧರಣೇಂದ್ರಯ್ಯ ಆ ಮಧ್ಯಾಹ್ನ ನನ್ನನ್ನೂ ರಾಚಪ್ಪನನ್ನೂ ಒಳಗೆ ಕರೆದು ಬಾಗಿಲು ಹಾಕಿದರು. ಅವರಿಗೆ ಎಪ್ಪತ್ತರ ಹತ್ತಿರ. ಒಂದು ಸುಳ್ಳು ಹೇಳಬೇಕಾದರೂ ನಾಲ್ಕು ಸಲ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ. “ಒಂದೇ ಒಂದು ಗಾಡಿ ವಾಪಸ್ ಬಂದ್ರೆ ಸಾಕು ಪಂಕಜಮ್ಮ. ಒಂದು. ಜನಕ್ಕೆ ನಂಬಿಕೆ ಬಂದ್ಬಿಡತ್ತೆ,” ಎಂದರು. “ಅದು ತಾನಾಗಿ ಬರಲ್ಲ. ನಾವೇ... ಕರ್ಕೊಂಡ್ ಬಂದ್ರೆ?” ನಮ್ಮೂರಿನ ಇತಿಹಾಸದಲ್ಲಿ ತಾನಾಗಿ ಬಾರದ ಗಾಡಿಯನ್ನು ಕದ್ದು ತಂದು ನಿಲ್ಲಿಸಿಕೊಂಡ ಅಂಗಡಿ ಇರಲಿಲ್ಲ. ಆದರೆ ಅಂಗಡಿ ಮುಚ್ಚಿದರೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಯಾರು ಕುರ್ಚಿ ಕೊಡುತ್ತಾರೆ? ಗಾಡಿ ಜೊತೆ ಬರುವ ಎರಡನೆಯ ಬೀಗದ ಕೈ ಬೆಳ್ಳಿ ಬಣ್ಣದ ಪಾಕೀಟಿನಲ್ಲಿ ಕಾರ್ಖಾನೆಯಲ್ಲೇ ಅಂಟಿಸಿ ಬಂದಿರುತ್ತದೆ. ಗಿರಾಕಿ ಮೊದಲನೆಯದನ್ನು ಕಳೆದುಕೊಂಡರೆ ಬೇಕೆಂದು ಅವೆಲ್ಲ ನನ್ನ ಡ್ರಾಯರಿನಲ್ಲೇ ಇದ್ದವು. ಯಾವ ಮನೆಯದು ಎಂಬುದನ್ನು ಆರಿಸಬೇಕಾಗಿತ್ತು. ಆರಿಸಿದವಳು ನಾನೇ. “ಸರ್ವೆ ಪರಶಿವಯ್ಯನವರದು,” ಎಂದೆ.

ಯಾಕೆ ಅವರದು ಎಂದರೆ, ಅವರಿಗೆ ಮಕ್ಕಳಿಲ್ಲ. ಮದುವೆಗೆ ನಿಂತ ಹುಡುಗಿ ಇಲ್ಲ, ಕೆಲಸ ಹುಡುಕುವ ಮಗನಿಲ್ಲ. ಮನೆಗೆ ಸ್ವಲ್ಪ ಕೆಟ್ಟ ಹೆಸರು ಬಂದರೂ ಯಾರಿಗೆ ನಷ್ಟ ಎಂದು ಲೆಕ್ಕ ಹಾಕಿದೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಅಲ್ಲಿ ಹೇಳಲಿಲ್ಲ. ಆ ಗಾಡಿ ಮಾರಿದ ದಿನದಿಂದ ನನ್ನ ಎದೆಯಲ್ಲಿ ಒಂದು ಮುಳ್ಳು ಉಳಿದುಬಿಟ್ಟಿತ್ತು. ಪರಶಿವಯ್ಯನವರು ಭೂಮಾಪನದ ಕೆಲಸದಲ್ಲಿದ್ದು ನಿವೃತ್ತರಾದವರು, ಷರಟಿನ ಜೇಬಿನಲ್ಲಿ ಸದಾ ಒಂದು ಸಣ್ಣ ನೋಟ್‌ಬುಕ್ಕು. ಗಾಡಿ ಓಡಿಸಲು ಬರುವುದಿಲ್ಲ. ಹೆಂಡತಿ ಸರ್ವಮಂಗಳಾ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಾರೆ, ಓಡಿಸುವವರು ಅವರು. “ಬಸ್ಸಲ್ಲಿ ಹೋಗ್ತಿದ್ಲು. ಬಸ್ಸಿಗೆ ಮೀಟರಿರಲ್ಲ ನೋಡಿ,” ಎಂದು ಪರಶಿವಯ್ಯ ನಗುತ್ತ ಹೇಳಿದ್ದರು. ಇಂಜಿನ್ ನೋಡಲಿಲ್ಲ, ಸೀಟು ಒತ್ತಿ ನೋಡಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ. “ಮೀಟರ್ ಹಿಂದಕ್ಕೆ ತಿರುಗಿಸೋಕೆ ಬರುತ್ತಾ?” ಬರುವುದಿಲ್ಲ ಎಂದೆ. “ಇದು ವಾಪಸ್ ಹೋಗಲ್ಲ ತಾನೇ?” ಊರೆಲ್ಲ ಯಾವುದಕ್ಕೆ ನಮ್ಮನ್ನು ದೂರ ಇಟ್ಟಿತ್ತೋ ಅದನ್ನೇ ಹುಡುಕಿಕೊಂಡು ಬಂದ ಗಿರಾಕಿ ಅವರೊಬ್ಬರೇ. “ಹಾಲ್ವಿಕ್ ಹೊಕ್ಕ ಮನೆಯಿಂದ ಕದಲಲ್ಲ ಸಾರ್,” ಎಂದು ಹೇಳಿ ಸಹಿ ಹಾಕಿಸಿಕೊಂಡೆ. ಪಕ್ಕದಲ್ಲಿ ಸರ್ವಮಂಗಳಾ ಸೆರಗಿನ ತುದಿಯನ್ನು ಮಡಿಸಿ ಮಡಿಸಿ ಬಿಚ್ಚುತ್ತ ಕೂತಿದ್ದರು. ನನಗೆ ಅನುಮಾನ ಬಂದಿತ್ತು. ಬಂದದ್ದನ್ನು ನುಂಗಿಕೊಂಡೆ.

ಬುಧವಾರ ಸಂಜೆ ರಾಚಪ್ಪನ ಕೈಗೆ ಬೆಳ್ಳಿ ಪಾಕೀಟು ಕೊಟ್ಟೆ. ಐವತ್ತೆಂಟರ ಮನುಷ್ಯ, ಎಡಗಾಲು ಸ್ವಲ್ಪ ಎಳೆಯುತ್ತಾನೆ, ಮಾತಿಗಿಂತ ಹೊಗೆಸೊಪ್ಪು ಹೆಚ್ಚು. ಅವನ ಮೇಲೂ ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಹಿಂದೆ ಸ್ಟೇಷನ್ ರಸ್ತೆಯವರಲ್ಲಿ ದುಡಿದವನು, ಅವರ ಕಡೆ ಇನ್ನೂ ಕಿವಿ ಇದೆಯೋ ಏನೋ. “ಬೆಳಕು ಹರಿಯೋ ಮುಂಚೆ ತಂದು ನಿಲ್ಸು. ಯಾರ್ ಕಣ್ಣಿಗೂ ಬೀಳ್ಬಾರ್ದು,” ಎಂದೆ. ಅವನು ಪಾಕೀಟು ಜೇಬಿಗೆ ಹಾಕಿಕೊಂಡು, “ಇದು ಸರಿಯಲ್ಲ ಪಂಕಜಮ್ಮೋರೇ,” ಎಂದ. ಸರಿಯಲ್ಲದ್ದು ನನಗೂ ಗೊತ್ತಿತ್ತು.

ಗುರುವಾರ ನಾನು ಬರುವಷ್ಟರಲ್ಲಿ ಟೀ ಅಂಗಡಿ ಖಾಲಿ, ಜನವೆಲ್ಲ ನಮ್ಮ ಗೇಟಿನಲ್ಲಿ. ಬೂದಿ ಬಣ್ಣದ ಹಾಲ್ವಿಕ್ ಮೂತಿಯನ್ನು ಒಳಕ್ಕೆ ಮಾಡಿ ನಿಂತಿತ್ತು. ಬಾನೆಟ್ ಮುಟ್ಟಿದರೆ ಬೆಚ್ಚಗೆ. ಗಾಜಿನ ಮೇಲೆ ಮಂಜು. ಡಬ್ಬಿ ತೆರೆದರೆ ಮಡಿಲಕ್ಕಿ ಗಂಟು ಇದ್ದ ಹಾಗೇ ಇತ್ತು. ರಾಚಪ್ಪ ಪೊರಕೆ ಹಿಡಿದುಕೊಂಡು, ದೆವ್ವ ಕಂಡವನ ಹಾಗೆ ಬಿಳಿಚಿಕೊಂಡು ಗೋಡೆಗೊರಗಿದ್ದ. ಭಲೇ, ಇವನು ನಾಟಕದಲ್ಲಿ ಪಾರ್ಟು ಮಾಡಬೇಕಾಗಿದ್ದವನು ಎಂದುಕೊಂಡೆ. ಟೀ ಅಂಗಡಿಯವನೇ ಓಡಿ ಹೋಗಿ ಒಂದು ನಿಂಬೆಹಣ್ಣು ತಂದು ಚಕ್ರಕ್ಕೆ ಇಟ್ಟ. “ಅಂತೂ ಜೀವ ಇದೆ ಕಣ್ರೀ ಇದಕ್ಕೆ!” ಎಂದು ಯಾರೋ ಕೂಗಿದರು. ಧರಣೇಂದ್ರಯ್ಯ ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡರು. ಒಂದೇ ವಾರದಲ್ಲಿ ಮೂರು ಗಾಡಿ ಬುಕ್ ಆದವು. ಇಡ್ಲಿ ಚಟ್ನಿಯ ವರ್ತಕರು ಬಂದು, ಬಿಳಿ ಬಣ್ಣವೇ ಎಷ್ಟೋ ಮೇಲು, ಕೊಳೆ ಬೇಗ ಗೊತ್ತಾಗುತ್ತದೆ ಎಂದು ತಾವೇ ನಮಗೆ ವಿವರಿಸಿದರು. ಬ್ಯಾನರ್ ಇಳಿಸಿ ಮಡಿಸಿಟ್ಟೆವು.

ರಾಚಪ್ಪ ಮಾತ್ರ ನನ್ನ ಹಿಂದೆ ಮುಂದೆ ಸುಳಿಯತೊಡಗಿದ. “ಪಂಕಜಮ್ಮೋರೇ, ಒಂದು ಮಾತಿತ್ತು.” ನಾನು ಆಮೇಲೆ ಎಂದೆ. ಮಾರನೆಯ ದಿನ ಮತ್ತೆ, “ಒಂದ್ ನಿಮಿಷ ಕೇಳಿ.” ಈಗಲ್ಲ, ಗಿರಾಕಿ ಇದ್ದಾರೆ ಎಂದೆ. ಕೆಲಸ ಮಾಡಿಕೊಟ್ಟಿದ್ದಾನೆ, ಅದಕ್ಕೆ ಏನೋ ಕೇಳಲು ಬರುತ್ತಿದ್ದಾನೆ ಎಂದು ನನ್ನ ಅನುಮಾನ. ಮೊದಲ ಸಲ ಕೊಟ್ಟರೆ ಜೀವಮಾನವೆಲ್ಲ ಕೊಡಬೇಕಾಗುತ್ತದೆ. ಹಾಗಾಗಿ ಅವನ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ.

ಈ ನಡುವೆ ಊರು ಪರಶಿವಯ್ಯನವರ ಮನೆಯ ಕಡೆ ತಿರುಗಿತು. ಯಾವ ಮನೆಯಿಂದಲೂ ಕದಲದ ಗಾಡಿಯೇ ಆ ಮನೆ ಬಿಟ್ಟು ಬಂತು ಎಂದರೆ ಒಳಗೆ ಎಂಥದ್ದು ನಡೆದಿರಬೇಕು! ಹಾಲಿನವನು ಪ್ಯಾಕೆಟ್ಟನ್ನು ಗೇಟಿನ ಹೊರಗೇ ಇಟ್ಟು ಹೋಗುತ್ತಾನಂತೆ. ಶಾಲೆಯಲ್ಲಿ ಹುಡುಗಿಯರ ತಾಯಂದಿರು ಹೊಲಿಗೆ ಟೀಚರನ್ನು ಬದಲಾಯಿಸಿ ಎಂದು ಅರ್ಜಿ ಬರೆದರಂತೆ. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಬರಿಯ ಹೆಸರು ತಾನೇ ಎಂದು ನಾನು ಹಾಕಿದ ಲೆಕ್ಕದಲ್ಲಿ ಶಾಲೆ ಸೇರಿರಲಿಲ್ಲ.

ಮರುವಾರ ಶನಿವಾರ ಹನ್ನೊಂದು ಗಂಟೆಗೆ ಪರಶಿವಯ್ಯ ಆಟೋದಲ್ಲಿ ಬಂದಿಳಿದರು. ಸರ್ವಮಂಗಳಾ ಇಳಿಯಲಿಲ್ಲ, ಆಟೋದೊಳಗೇ ತಲೆ ತಗ್ಗಿಸಿ ಕೂತರು. ಗಾಡಿ ಬಿಟ್ಟುಬಂದ ಮನೆಯವರು ನಾಚಿಕೆಯಿಂದ ಬರುವುದು ವಾಡಿಕೆ. ಇವರು ಹಾಗೆ ಬರಲಿಲ್ಲ. ನನ್ನ ಕಡೆ ನೋಡದೆ ನೇರ ಗಾಡಿಯ ಹತ್ತಿರ ಹೋಗಿ, ಬಾಗಿಲು ತೆರೆದು, ಬಗ್ಗಿ ಮೀಟರ್ ಓದಿದರು. ನೋಟ್‌ಬುಕ್ಕಿನ ಹಳೆಯ ಅಂಕಿಯ ಜೊತೆ ಹೋಲಿಸಿದರು. “ಸರಿಯಾಗಿ ನಾಲ್ಕು ಕಿಲೋಮೀಟರ್,” ಎಂದರು. “ನಮ್ಮ ಶೆಡ್ಡಿಂದ ನಿಮ್ಮ ಗೇಟಿಗೆ ನಾಲ್ಕು. ದಾರಿ ಗೊತ್ತಿರೋನೇ ತಂದಿದ್ದಾನೆ.” ನಾನು ರಿಜಿಸ್ಟರು ತೆರೆದು, “ಕಾರಣ ಏನಂತ ಬರೀಲಿ ಸಾರ್?” ಎಂದೆ. ಅವರು ನಕ್ಕರು. “ಕಾರಣ? ಇದು ವಾಪಸ್ ಹೋಗೋ ಜಾತಿ ಅಲ್ಲ, ನೀವೇ ಹೇಳಿದ್ದು. ಗೇಟಿಗೆ ಒಳಗಿನಿಂದ ಚಿಲಕ. ಅಂದ್ಮೇಲೆ ಒಳಗಿನೋರು ಯಾರೋ ತೆಗ್ದಿದ್ದಾರೆ. ಒಳಗೆ ಇರೋರು ನಾನು, ಅವಳು.” ಗಾಡಿ ಹೊರಟಾಗ ಚಿಲಕ ಹೇಗೆ ತೆರೆಯಿತು ಎಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಕೇಳಿದವರನ್ನು ನೋಡಿದ್ದು ಅದೇ ಮೊದಲು. “ಹತ್ತು ದಿನದಿಂದ ಕೇಳ್ತಿದ್ದೀನಿ, ಬಾಯೇ ಬಿಡ್ತಿಲ್ಲ. ಶಾಲೆಗೂ ಕಳ್ಸಿಲ್ಲ. ಇವತ್ತು ನಿಮ್ಮೆದುರಿಗೇ ಕೇಳೋಣ ಅಂತ ಕರ್ಕೊಂಡ್ ಬಂದೆ.”

ಆಟೋದಲ್ಲಿ ಕೂತ ಹೆಂಗಸಿನ ಕತ್ತು ಇನ್ನೂ ಒಂದಿಂಚು ಕೆಳಗಿಳಿಯಿತು. ನನಗೆ ತಡೆಯಲಾಗಲಿಲ್ಲ. ತಪ್ಪು ನಮ್ಮದು, ಶಿಕ್ಷೆ ಆಕೆಗೆ. ಅಂಗಡಿ ಹೋದರೆ ಹೋಗಲಿ ಎನಿಸಿತು. “ಸಾರ್, ಅಮ್ಮೋರದೇನೂ ತಪ್ಪಿಲ್ಲ. ಗಾಡಿ ತರಿಸಿದ್ದು ನಾವೇ. ವ್ಯಾಪಾರಕ್ಕೋಸ್ಕರ. ಎರಡನೇ ಬೀಗದ ಕೈಲಿ ನಮ್ಮ ರಾಚಪ್ಪ ತಂದ,” ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಒಳಗೆ ಧರಣೇಂದ್ರಯ್ಯನವರ ಕೈಯಿಂದ ಲೋಟ ಬಿದ್ದ ಸದ್ದು ಕೇಳಿತು.

ಪರಶಿವಯ್ಯ ಸಿಟ್ಟಾಗುತ್ತಾರೆ, ಬೈಯುತ್ತಾರೆ, ಪೊಲೀಸು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನಿನ ಮುಚ್ಚಳ ತೆಗೆದರು. “ರಾಚಪ್ಪ,” ಎಂದು ಬರೆದುಕೊಂಡರು. “ವಯಸ್ಸೆಷ್ಟು? ಎಷ್ಟು ಗಂಟೆಗೆ ಬಂದ? ಅವನಿಗೆ ಚಿಲಕ ತೆಗೆದವರು ಯಾರು?” ಆಮೇಲೆ ಆಟೋದ ಕಡೆ ತಿರುಗಿ, ಬಹಳ ಮೆಲ್ಲಗೆ, ಇಷ್ಟು ದಿನ ಕಳೆದುಹೋಗಿದ್ದ ವಸ್ತು ಸಿಕ್ಕವರ ಹಾಗೆ, “ಹೆಸರು ಸಿಕ್ತು,” ಎಂದರು.

ಆಕೆಯನ್ನು ಬಿಡಿಸಲು ಹೋಗಿ ಹಗ್ಗವನ್ನು ನಾನೇ ಹೊಸೆದು ಕೊಟ್ಟಿದ್ದೆ. ಅಷ್ಟರಲ್ಲಿ ಒಂದು ಗಾಡಿಯ ಕೆಳಗಿನಿಂದ ರಾಚಪ್ಪ ಹೊರಗೆ ಬಂದ. ಎದ್ದು ಕೈ ಒರೆಸಿಕೊಂಡು, ಒಳಜೇಬಿನಿಂದ ಬೆಳ್ಳಿ ಪಾಕೀಟು ತೆಗೆದು ಬಾನೆಟ್ ಮೇಲೆ ಇಟ್ಟ. ಕಾರ್ಖಾನೆಯ ಅಂಟು ಅಂಟಿದ ಹಾಗೇ ಇತ್ತು. ಒಂದು ಮೂಲೆಯೂ ಬಿಚ್ಚಿರಲಿಲ್ಲ. “ನಾನು ಹೋಗ್ಲೇ ಇಲ್ಲ ಸ್ವಾಮಿ. ಈಯಮ್ಮ ಹೇಳಿದ್ದು ನಿಜ, ಬೀಗದ ಕೈ ಇಸ್ಕೊಂಡಿದ್ದೂ ನಿಜ. ಮನಸ್ಸು ಒಪ್ಪಲಿಲ್ಲ, ಮನೇಲೇ ಮಲಗ್ಬಿಟ್ಟೆ. ಬೆಳಿಗ್ಗೆ ಆಗಲ್ಲ ಅಂತ ಹೇಳೋಕೆ ಬಂದ್ರೆ ಗಾಡಿ ಇಲ್ಲಿ ನಿಂತಿತ್ತು.” ನನ್ನ ಕಡೆ ನೋಡಿ, “ಅದನ್ನ ಹೇಳೋಕೇ ನಿಮ್ಮ ಹಿಂದೆ ಸುತ್ತಿದ್ದು,” ಎಂದ.

ನಾನು ಪಾಕೀಟನ್ನು ತಿರುಗಿಸಿ ಮುರುಗಿಸಿ ನೋಡಿದೆ. ಹಾಗಾದರೆ ಗಾಡಿ ತಾನಾಗಿಯೇ ಬಂದಿತ್ತು. ಮೂರು ವರ್ಷ ಕಾದದ್ದು ನಿಜವಾಗಿ ಬಂದಾಗ ಅದನ್ನು ಸುಳ್ಳೆಂದು ತಿಳಿದು ನಂಬದೇ ಹೋದವಳು ಊರಿಗೆಲ್ಲ ನಾನೊಬ್ಬಳೇ. ಪರಶಿವಯ್ಯನವರೂ ಪಾಕೀಟನ್ನು ಬೆಳಕಿಗೆ ಹಿಡಿದು ನೋಡಿದರು. “ಇಂಥ ಪಾಕೀಟು ಇನ್ನೊಂದು ಮಾಡಿಸಬಹುದು,” ಎಂದು ಕೆಳಗಿಟ್ಟರು. ರಾಚಪ್ಪನ ಎಳೆಯುವ ಕಾಲನ್ನು, ನೆರೆತ ಗಡ್ಡವನ್ನು ಅಳೆದು ನೋಡಿ ಇನ್ನೆರಡು ಸಾಲು ಬರೆದುಕೊಂಡರು. ಅನುಮಾನಕ್ಕೆ ಮದ್ದಿಲ್ಲ ಎನ್ನುತ್ತಾರೆ. ಆ ರೋಗವನ್ನು ಹೊರಗಿನಿಂದ ನಿಂತು ನಾನು ನೋಡಿದ್ದು ಆವತ್ತು. ನೋಡಲು ಚೆನ್ನಾಗಿರಲಿಲ್ಲ.

ಮನೆಯವರು ಕೇಳಿದ ಕೂಡಲೆ ಗಾಡಿ ಒಪ್ಪಿಸಬೇಕು, ಅದೂ ನಿಯಮ. ಪರಶಿವಯ್ಯ ಆಟೋದವನಿಗೆ ದುಡ್ಡು ಕೊಡಲು ಹೋದಾಗ ಸರ್ವಮಂಗಳಾ ಬಂದು ಸ್ಟೀರಿಂಗಿನ ಮುಂದೆ ಕೂತರು. ನಾನು ಹೊಸ ವೀಳ್ಯದೆಲೆ ಇಡುವ ನೆಪದಲ್ಲಿ ಈ ಕಡೆಯ ಬಾಗಿಲಿಂದ ಬಗ್ಗಿದೆ. ಆಕೆ ಮುಂದಕ್ಕೇ ನೋಡುತ್ತ, ತುಟಿ ಅಲುಗಾಡಿಸದೆ ಹೇಳಿದರು: “ಮೂರು ದಿನ ಬೆಳಿಗ್ಗೆ ಇದು ಶೆಡ್ಡಿನಲ್ಲಿ ತನ್ನ ಹಿಂದಿನ ಬಾಗಿಲು ತೆಕ್ಕೊಂಡು ನಿಂತಿತ್ತು ಪಂಕಜಮ್ಮ. ನಾನು ನೀರು ಹಾಕೋಕೆ ಬಂದಾಗ ನೋಡ್ದೆ. ಹತ್ತೋ ಧೈರ್ಯ ಬರ್ಲಿಲ್ಲ. ನಾಲ್ಕನೇ ದಿನ ಅದೊಂದೇ ಹೋಯ್ತು.” ಏನು ನಡೆಯುತ್ತಿದೆ, ಎಷ್ಟು ವರ್ಷದಿಂದ, ಹೊಡೆಯುತ್ತಾರೆಯೇ ಎಂದು ನೂರು ಪ್ರಶ್ನೆ ನನ್ನ ನಾಲಿಗೆಗೆ ಬಂದವು. ಕೇಳಲಿಲ್ಲ. “ನಮ್ಮ ಗೇಟು ಐದೂವರೆಗೆ ತೆಗೀತೀವಿ,” ಎಂದಷ್ಟೇ ಹೇಳಿ ಡಬ್ಬಿ ಮುಚ್ಚಿದೆ.

ಅಂದಿನಿಂದ ನಾನೂ ಐದು ಗಂಟೆಗೇ ಬಂದು ಗೇಟಿನಲ್ಲಿ ನಿಲ್ಲತೊಡಗಿದೆ. ರಾಚಪ್ಪನನ್ನು ಕ್ಷಮಿಸು ಎಂದು ಕೇಳಿದೆ. ಅವನು ಹೊಗೆಸೊಪ್ಪು ಉಗುಳಿ, “ನೀವು ಅನುಮಾನ ಪಡದೆ ಇದ್ದಿದ್ರೆ ನಂಗೇ ಅನುಮಾನ ಬರ್ತಿತ್ತು,” ಎಂದ. ಅಂಗಡಿ ಮತ್ತೆ ಓಲಾಡತೊಡಗಿತ್ತು. ನಾನು ಒಪ್ಪಿಕೊಂಡದ್ದು ಆಟೋದವನ ಬಾಯಿಂದ ಊರಿಗೆಲ್ಲ ಹಬ್ಬಿ, ಮೂರರಲ್ಲಿ ಎರಡು ಬುಕಿಂಗ್ ರದ್ದಾದವು. ಕದ್ದು ತಂದದ್ದಂತೆ ಎಂದರು ಕೆಲವರು, ಪಾಕೀಟು ಒಡೆದೇ ಇರಲಿಲ್ಲವಂತೆ ಎಂದರು ಕೆಲವರು. ಟೀ ಅಂಗಡಿಯಲ್ಲಿ ಎರಡು ಪಕ್ಷಗಳಾದವು. ಧರಣೇಂದ್ರಯ್ಯ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಗಾಜನ್ನು ಯಾರಾದರೂ ಕೊಳ್ಳುತ್ತಾರೆಯೇ ಎಂದು ವಿಚಾರಿಸುತ್ತಿದ್ದರು. ಪರಶಿವಯ್ಯ ಶೆಡ್ಡಿಗೆ ಸರಪಳಿ ಹಾಕಿಸಿದ್ದಾರೆಂದು ಸುದ್ದಿ ಬಂತು. ಒಂದು ದಿನ, ಎರಡು ದಿನ, ಎಂಟು ದಿನ. ಗಾಡಿಯ ಮೇಲೂ ನನಗೆ ಅನುಮಾನ ಹುಟ್ಟಿತು. ಒಂದು ಸಲ ಬಂದದ್ದು ಇನ್ನೊಂದು ಸಲ ಬರುತ್ತದೆಂದು ಏನು ಗ್ಯಾರಂಟಿ? ಹೊರದೇಶದ್ದು, ನಮ್ಮ ರೀತಿ ರಿವಾಜು ಎಷ್ಟು ಗೊತ್ತೋ.

ಒಂಬತ್ತನೆಯ ದಿನ ಆರೂಕಾಲಿಗೆ, ಟೀ ಅಂಗಡಿಯ ಮೊದಲ ಪಾತ್ರೆ ಕುದಿಯುವ ಹೊತ್ತಿಗೆ, ಬೂದಿ ಬಣ್ಣದ ಹಾಲ್ವಿಕ್ ತಿರುವಿನಲ್ಲಿ ಕಾಣಿಸಿತು. ಮುಂದಿನ ಬಂಪರಿನಲ್ಲಿ ಸರಪಳಿಯ ನಾಲ್ಕು ಕೊಂಡಿ ನೇತಾಡುತ್ತಿದ್ದವು. ಸ್ಟೀರಿಂಗಿನ ಮುಂದೆ ಯಾರೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಸರ್ವಮಂಗಳಾ, ತೊಡೆಯ ಮೇಲೆ ಒಂದು ಬಟ್ಟೆ ಚೀಲ, ಅದರ ಮೇಲೆ ಹೊಲಿಗೆಯ ಕತ್ತರಿ. ಗಾಡಿ ಗೇಟಿನೊಳಗೆ ಬಂದು ಮೆಲ್ಲಗೆ ನಿಂತಿತು. ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಎದ್ದು ನಿಂತರು. ಎರಡೂ ಪಕ್ಷದವರೂ ಇದ್ದರು. ನಾನು ಬಾಗಿಲು ತೆರೆದು ಕೈ ಕೊಟ್ಟೆ. ಆಕೆಯ ಅಂಗೈ ಬೆವೆತಿತ್ತು. ನನಗೆ ಅಳು ಬಂತು. ಅಂಗಡಿ ಉಳಿಯಿತು ಎಂದಲ್ಲ, ಉಳಿಯಿತು ಎಂಬುದು ನೆನಪಾದದ್ದೇ ಮಾರನೆಯ ದಿನ.

ಪರಶಿವಯ್ಯನವರ ಆಟೋ ಬರುವಾಗ ಏಳಕ್ಕೆ ಹತ್ತು ನಿಮಿಷ. ಹವಾಯಿ ಚಪ್ಪಲಿ, ಗುಂಡಿ ತಪ್ಪಿ ಹಾಕಿದ ಷರಟು, ಜೇಬಿನಲ್ಲಿ ನೋಟ್‌ಬುಕ್ಕು. ಇಷ್ಟು ಜನ ನಿಂತಿದ್ದಾರೆ, ಕಟ್ಟಿಕೊಂಡ ಹೆಂಡತಿ ನಾಲ್ಕು ಮಾರು ದೂರದಲ್ಲಿ ಚೀಲ ಹಿಡಿದು ನಿಂತಿದ್ದಾಳೆ. ಮನುಷ್ಯ ಅವಳ ಮುಖ ನೋಡಲಿಲ್ಲ. ಗಾಡಿಯ ಹತ್ತಿರ ಹೋಗಿ, ಬಗ್ಗಿ ಮೀಟರ್ ಓದಿದರು. ಬರೆದರು, ಕಳೆದರು, ಇನ್ನೊಂದು ಸಲ ಬಗ್ಗಿದರು. ಎದ್ದು ನಿಂತಾಗ ಮುಖದಲ್ಲಿ ಆ ಶನಿವಾರದ ಅದೇ ನಗೆ. “ರಾತ್ರಿ ನಾನು ಬರ್ಕೊಂಡಿದ್ದಕ್ಕೆ ಐದು ಜಾಸ್ತಿ ಇದೆ. ಇಲ್ಲಿಗೆ ನಾಲ್ಕು. ಇನ್ನೊಂದು ಕಿಲೋಮೀಟರ್ ಎಲ್ಲಿಗೆ ಹೋಗಿದ್ದೆ?”

ಸರ್ವಮಂಗಳಾ ತಲೆಯೆತ್ತಿದರು. ಆಕೆಯ ಕಣ್ಣಿನ ಬಣ್ಣ ನಾನು ಸರಿಯಾಗಿ ನೋಡಿದ್ದು ಆಗಲೇ. “ಕಾಲುವೆ ಸೇತುವೆ ತನಕ ಬಂದು ಭಯ ಆಯ್ತು. ವಾಪಸ್ ಹೋಗೋಣ ಅಂದೆ. ಪಾಪ, ತಿರುಗ್ತು. ನಮ್ಮ ಗೇಟಿನ ಹತ್ರ ಹೋದ್ವಿ. ನೀವು ಹಲ್ಲುಜ್ಜುತ್ತಾ ಶೆಡ್ಡಿನಲ್ಲಿ ಸರಪಳಿಯ ಕೊಂಡಿ ಎಣಿಸ್ತಿದ್ರಿ. ನನ್ನ ಹೆಸರು ಕೂಗಿರಲಿಲ್ಲ. ಮತ್ತೆ ಹೊರಟ್ವಿ.” ನೋಟ್‌ಬುಕ್ಕಿನ ಕಡೆ ಬೆರಳು ತೋರಿಸಿ, “ಅರ್ಧ ಹೋಗೋಕೆ, ಅರ್ಧ ಬರೋಕೆ. ಆ ಒಂದು ನನ್ನದು. ಬರ್ಕೊಳ್ಳಿ,” ಎಂದರು.

ಅವರು ಬರೆದುಕೊಂಡರು. ದೇವರಾಣೆ, ನಮ್ಮೆಲ್ಲರ ಎದುರಿಗೆ ಬರೆದುಕೊಂಡರು. ಆಮೇಲೆ, “ನಡಿ, ಗಾಡಿ ತೆಗಿ,” ಎಂದರು. ಆಕೆ ಅಲುಗಲಿಲ್ಲ. ನಾನು ರಿಜಿಸ್ಟರು ತೆರೆದು, “ಗಾಡಿ ನಿಮ್ಮದು ಸಾರ್, ಯಾವಾಗ ಬೇಕಾದ್ರೂ ತಗೊಂಡ್ ಹೋಗಿ,” ಎಂದೆ. ಓಡಿಸಲು ಬಾರದ ಮನುಷ್ಯ ಬೀಗದ ಕೈಯನ್ನೂ ಮೀಟರನ್ನೂ ನೋಡುತ್ತ ನಿಂತರು. ರಾಚಪ್ಪ ಟೀ ಅಂಗಡಿಯ ಕಡೆ ಮುಖ ಮಾಡಿ, ಯಾರಿಗೂ ಅಲ್ಲವೆಂಬಂತೆ, “ಏಳು ಗಂಟೆ ಬಸ್ಸು ಬಂತು,” ಎಂದ.

ಸರ್ವಮಂಗಳಾ ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿದರು. ಜನ ತಾವಾಗಿಯೇ ದಾರಿ ಬಿಟ್ಟರು. ಕಂಡಕ್ಟರ್ ಸೀಟಿ ಊದಿದ. ಯಾವ ಊರಿನ ಬೋರ್ಡು ಎಂದು ಓದಬೇಕೆಂದು ನನ್ನ ಕಣ್ಣು ಹಳೆಯ ಚಾಳಿಯಂತೆ ಆ ಕಡೆ ಹೊರಳಿತು. ನಾನು ಬೆನ್ನು ತಿರುಗಿಸಿ, ರಿಜಿಸ್ಟರಿನಲ್ಲಿ ‘ಕಾರಣ’ ಎಂಬಲ್ಲಿ ಒಂದು ಗೆರೆ ಎಳೆದು ಮುಚ್ಚಿದೆ. ಅದು ಯಾವ ಊರಿನ ಬಸ್ಸೆಂದು ಪರಶಿವಯ್ಯ ಆಮೇಲೆ ಬಂದು ಕೇಳಿಯೇ ಕೇಳುತ್ತಾರೆಂದು ಗೊತ್ತಿತ್ತು. ಕೇಳಿದರು ಕೂಡ, ಮೂರು ಸಲ. ನಾನು ನೋಡಲಿಲ್ಲ ಎಂದೆ. ನಾನು ಹೇಳಿದ್ದು ನಿಜ; ಅವರು ನಂಬಲಿಲ್ಲ.